ದೋಣಿಯನ್ನೆಳೆಯುವ ವಾಹನದ ಆಯ್ಕೆ

ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳನ್ನು ಕುರಿತ ಲೇಖನಗಳ ನಡುವೆ ಪಿಕ್‌ಅಪ್ ಟ್ರಕ್ಕಿಗೇನು ಕೆಲಸವೆಂದು ಈ ಸ್ಮರಣ ಸಂಚಿಕೆಯ ವಾಚಕರು ಕೇಳಿದರೆ ಅದು ಸಹಜವೇ ಆಗಿದೆ. ಮುಂಬಯಿಯಲ್ಲಿ ನೆಲೆಸಿರುವ ನಮ್ಮಲ್ಲನೇಕರ ಮಕ್ಕಳೋ ಒಡಹುಟ್ಟಿದವರೋ ಅಮೆರಿಕದಲ್ಲಿದ್ದಾರೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಅವರು ಎಲ್ಲಿಗೆ ಕರೆದೊಯ್ದರೆ ಅಲ್ಲಿಗೆ, ಹಿಂದಿನ ಆಸನದಲ್ಲಿ ಪಟ್ಟಿ ಬಿಗಿದುಕೊಂಡು, ಹೋಗುತ್ತೇವೆ. ಆ ವಾಹನದ ಹಿಂದೆ ಎರಡು ಟನ್ನಿಗೂ ಮಿಕ್ಕಿದ ದೋಣಿಯೊಂದು ಓಡಿಬರುತ್ತಿದ್ದರೆ, ಅದನ್ನು ಯಾವ ಲೆಕ್ಕದಿಂದ ಕಟ್ಟಿದ್ದಾರೆಂಬುದು ನಮ್ಮ ಆರೋಗ್ಯಕ್ಕೂ ಸಂಬಂಧಪಟ್ಟ ವಿಷಯವೇ.

ನಾನು ವಾಣಿಜ್ಯಶಾಸ್ತ್ರದ ಪದವೀಧರ, ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ. ಯಂತ್ರವಿದ್ಯೆ ನನಗೆ ತಿಳಿಯದು. ಆದರೆ 2024ರ ಬೇಸಿಗೆಯಲ್ಲಿ ಅಕ್ಕನ ಮನೆಯವರು ಇಂಥದೊಂದು ಟ್ರಕ್ಕನ್ನು ಕೊಳ್ಳಲು ಹೊರಟಾಗ ಅವರ ಜೊತೆಗಿದ್ದೆ. ಎಂಜಿನ್ನಿನ ವಿಷಯವೆಂದು ಎಲ್ಲರೂ ತಿಳಿದಿದ್ದುದು ಬಹುಮಟ್ಟಿಗೆ ಕೂಡಿಸಿ ಕಳೆಯುವ ಲೆಕ್ಕವೆಂಬುದು ಆಗ ನನಗೆ ಮನವರಿಕೆಯಾಯಿತು.

ಅಕ್ಕ ಮತ್ತು ಭಾವ ಇರುವುದು ಮಿನೆಸೋಟಾ ರಾಜ್ಯದಲ್ಲಿ. ಅಲ್ಲಿನ ವಾಹನಗಳ ನಂಬರ್ ಪ್ಲೇಟಿನ ಮೇಲೆಯೇ ಹತ್ತು ಸಾವಿರ ಸರೋವರಗಳೆಂದು ಅಚ್ಚಾಗಿರುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಆ ನೀರು ಬೇಸಿಗೆಯ ಕೆಲವೇ ತಿಂಗಳು ದೋಣಿಗೆ ತೆರೆದಿರುವುದರಿಂದ ಆ ತಿಂಗಳುಗಳಲ್ಲಿ ಜನರಿಗೆ ದೋಣಿಯ ಹುಚ್ಚು. ನಮ್ಮ ಕರಾವಳಿಯಲ್ಲಿ ದೋಣಿ ದಡದಲ್ಲಿಯೇ ಇರುತ್ತದೆ, ಮೀನುಗಾರ ಮನೆಗೆ ಹೋಗುತ್ತಾನೆ. ಅಲ್ಲಿ ದೋಣಿಯೂ ಮನೆಗೆ ಬರುತ್ತದೆ. ಎರಡು ಅಥವಾ ನಾಲ್ಕು ಚಕ್ರದ ಟ್ರೇಲರಿನ ಮೇಲೆ ಅದನ್ನು ಕೂರಿಸಿ, ವಾಹನದ ಹಿಂಬದಿಯ ಹಿಚ್ ಎಂಬ ಕೊಂಡಿಗೆ ಸಿಕ್ಕಿಸಿ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯ ಮೇಲೆ ಎಳೆದೊಯ್ಯುತ್ತಾರೆ.

ಭಾವನವರು 2022ರಲ್ಲಿ 20 ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿಯೊಂದನ್ನು ಸೆಕೆಂಡ್‌ಹ್ಯಾಂಡಾಗಿ ಕೊಂಡಿದ್ದರು. ಮನೆಯಲ್ಲಿದ್ದ, ಮುಂದಿನ ಚಕ್ರಗಳಿಂದ ನಡೆಯುವ ದೊಡ್ಡ ಕಾರಿಗೇ ಅದನ್ನು ಕಟ್ಟಿ ಒಂದು ವರ್ಷ ನಡೆಸಿದರು. ಮರುವರ್ಷ ಒಂದು ಸಂಜೆ ದೋಣಿಯನ್ನು ನೀರಿನಿಂದ ಮೇಲೆತ್ತುವಾಗ ಅನಾಹುತವೊಂದು ಕೂದಲೆಳೆಯಲ್ಲಿ ತಪ್ಪಿತು. ಸರೋವರದ ಅಂಚಿನಲ್ಲಿ ನೀರಿನೊಳಕ್ಕೆ ಇಳಿಯುವ ಸಿಮೆಂಟಿನ ಇಳಿಜಾರು ಇರುತ್ತದೆ. ಸಾಮಾನ್ಯವಾಗಿ ಅದು ನೂರು ಅಡಿಗೆ 12ರಿಂದ 15 ಅಡಿ ಇಳಿಯುತ್ತದೆ. ನೀರಿನಂಚಿನಲ್ಲಿ ಪಾಚಿಯೂ ಕಟ್ಟಿರುತ್ತದೆ. ಅಕ್ಕನ ಮಗ ಚಾಲಕನ ಸ್ಥಾನದಲ್ಲಿದ್ದ. ದೋಣಿಯ ಭಾರ ಟ್ರೇಲರಿನ ಮೇಲೆ ಪೂರ್ಣವಾಗಿ ಕುಳಿತೊಡನೆ ಕಾರಿನ ಮುಂದಿನ ಚಕ್ರಗಳು ಇದ್ದಲ್ಲಿಯೇ ತಿರುಗತೊಡಗಿದವು. ಕಾರು ಹಿಂದಕ್ಕೆ ಜಾರಿತು. ಹಿಂದಿನ ಚಕ್ರಗಳು ನೀರಿನಲ್ಲಿ ಮುಳುಗಿ, ದೋಣಿ ಪುನಃ ತೇಲಿ ಭಾರ ಕಡಿಮೆಯಾದ ಮೇಲೆಯೇ ಅದು ನಿಂತದ್ದು. ಅಪರಿಚಿತರೊಬ್ಬರು ತಮ್ಮ ಟ್ರಕ್ಕಿಗೆ ಪಟ್ಟಿ ಕಟ್ಟಿ ಅದನ್ನು ಮೇಲೆಳೆದರು. ದಡದಲ್ಲಿ ನಿಂತು ಇದನ್ನು ನೋಡಿದ ಅಕ್ಕ ಆ ಬೇಸಿಗೆಯಲ್ಲಿ ಮತ್ತೆ ದೋಣಿಯ ಹೆಸರೆತ್ತಲು ಬಿಡಲಿಲ್ಲ.

ಇದರ ಕಾರಣವನ್ನು ತಿಳಿಯಲು ನನಗೆ ಸಹಾಯಕವಾದುದು ಹಾವೇರಿಯ ಬಳಿಯ ನಮ್ಮ ಹಳ್ಳಿಯಲ್ಲಿದ್ದ ಅಜ್ಜನ ಚಕ್ಕಡಿ. ಎರಡು ಗಾಲಿಯ ಚಕ್ಕಡಿಗೆ ಹೇರು ಹಾಕುವಾಗ ಅಜ್ಜ ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದರು. ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಅದರ ಮುಂದಿನ ದಂಡವು ಹಿಚ್ಚಿನ ಮೇಲೆ ಊರುವ ಭಾರಕ್ಕೆ ಅಲ್ಲಿನವರು ಟಂಗ್ ವೆಯ್ಟ್ ಎನ್ನುತ್ತಾರೆ. ನಾನು ಅದನ್ನು ನೊಗದ ಭಾರವೆಂದು ಕರೆಯುತ್ತೇನೆ. ಸಾಧಾರಣ ಟ್ರೇಲರುಗಳಲ್ಲಿ ಇದು ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕೆಂದು ನಿಯಮ. ದೋಣಿಯ ಎಂಜಿನ್ ಹಿಂಭಾಗದಲ್ಲಿರುವುದರಿಂದ ದೋಣಿಯ ಟ್ರೇಲರುಗಳಿಗೆ ಶೇಕಡಾ 5ರಿಂದ 10 ಸಾಕೆನ್ನುವ ತಯಾರಕರೂ ಇದ್ದಾರೆ.

ಈ ಭಾರವು ಎಳೆಯುವ ವಾಹನದ ಹಿಂದಿನ ಅಚ್ಚಿಗಿಂತಲೂ ಹಿಂದಕ್ಕೆ ಬೀಳುತ್ತದೆ. ಹಿಂದಿನ ಅಚ್ಚು ಏತದ ಕಂಬದಂತಾಗಿ, ಬಾಲದ ಕಡೆ ಒತ್ತಿದಷ್ಟೂ ಮೂತಿ ಹಗುರಾಗುತ್ತದೆ. ಇಳಿಜಾರಿನಲ್ಲಿ ಮೂತಿ ಮೇಲಕ್ಕಿರುವುದರಿಂದ ಇನ್ನಷ್ಟು ಭಾರ ಹಿಂದಕ್ಕೆ ಸರಿಯುತ್ತದೆ. ಎಳೆಯಬೇಕಾದ ಚಕ್ರಗಳೇ ಮುಂದಿದ್ದರೆ ಅವು ನೆಲವನ್ನು ಕಚ್ಚುವುದೆಂತು? ಭಾವನವರ ಕಾರಿಗೆ ಆದದ್ದು ಇಷ್ಟೇ. ಪಿಕ್‌ಅಪ್ ಟ್ರಕ್ಕಿನಲ್ಲಿ ಹಿಂದಿನ ಚಕ್ರಗಳು, ಬೇಕಾದಾಗ ನಾಲ್ಕೂ ಚಕ್ರಗಳು, ಎಳೆಯುತ್ತವೆ. ಆದ್ದರಿಂದ ದೋಣಿಯವರಿಗೆ ನಾಲ್ಕು ಚಕ್ರಗಳ ಚಾಲನೆ ಆಡಂಬರವಲ್ಲ. ವರ್ಷದಲ್ಲಿ ಹತ್ತು ಹನ್ನೆರಡು ಸಲ, ಪ್ರತಿ ಸಲ ಎರಡೇ ನಿಮಿಷ ಬೇಕಾದರೂ, ಆ ಎರಡು ನಿಮಿಷ ಬೇಕೇ ಬೇಕು.

ಹೀಗೆ ಟ್ರಕ್ಕೆಂಬುದು ನಿರ್ಧಾರವಾಯಿತು. ಯಾವ ಟ್ರಕ್ಕು? ಅಂಗಡಿಯ ಮಾರಾಟಗಾರ ನಮಗೆ ತೋರಿಸಿದ್ದು ಕನ್ನಡಿಯಂತೆ ಹೊಳೆಯುವ ಒಂದು ವಾಹನ: ಚರ್ಮದ ಆಸನಗಳು, ಇಡೀ ಮೇಲ್ಛಾವಣಿಗೆ ಗಾಜು, ಕುಳಿತವರ ಬೆನ್ನು ಒತ್ತುವ ಯಂತ್ರ. ಎಷ್ಟು ಎಳೆಯುತ್ತದೆಂದು ಭಾವ ಕೇಳಿದರು. 11,000 ಪೌಂಡ್ ಎಂದ. ಸುಮಾರು ಐದು ಟನ್ನು! ನಮ್ಮ ದೋಣಿ ಎಷ್ಟು ತೂಗೀತು? ಭಾವನವರು ಕಾಗದ ಪತ್ರಗಳಿಗೆ ಸಹಿ ಹಾಕಲು ಸಿದ್ಧರಾಗಿಯೇ ಇದ್ದರು.

ಆ 11,000 ಸುಳ್ಳು ಸಂಖ್ಯೆಯಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಹಿಂದೆ ಒಬ್ಬೊಬ್ಬ ತಯಾರಕ ತನಗೆ ತೋಚಿದ ರೀತಿಯಲ್ಲಿ ಎಳೆಯುವ ಸಾಮರ್ಥ್ಯವನ್ನು ಘೋಷಿಸುತ್ತಿದ್ದ. ಅನಂತರ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ಜೆ 2807 ಎಂಬ ಮಾನದಂಡವನ್ನು ರೂಪಿಸಿತು. ಟೊಯೊಟಾ ಇದನ್ನು ಮೊದಲು ಅಂಗೀಕರಿಸಿತು, ಕೆಲವು ವರ್ಷಗಳಲ್ಲಿ ಅಮೆರಿಕದ ದೊಡ್ಡ ಕಂಪೆನಿಗಳೂ ಒಪ್ಪಿದವು. ಅರಿಜೋನಾ ರಾಜ್ಯದ ಡೇವಿಸ್ ಅಣೆಕಟ್ಟಿನ ಬಳಿ 11.4 ಮೈಲಿ ಉದ್ದದ ಏರು ದಾರಿಯೊಂದಿದೆ. ಸುಡುಬಿಸಿಲಿನಲ್ಲಿ, ಒಳಗಿನ ತಂಪುಯಂತ್ರವನ್ನು ಪೂರ್ತಿ ತಿರುಗಿಸಿ, ಹಿಂದೆ ಭಾರ ಕಟ್ಟಿಕೊಂಡು, ಸಾಧಾರಣ ಪಿಕ್‌ಅಪ್ ಟ್ರಕ್ಕು ಗಂಟೆಗೆ 40 ಮೈಲಿಗಿಂತ ವೇಗ ತಗ್ಗದಂತೆ ಆ ಏರನ್ನು ಹತ್ತಬೇಕೆಂಬುದು ಆ ಮಾನದಂಡದ ಪರೀಕ್ಷೆಗಳಲ್ಲೊಂದು. ಆದರೆ ಪರೀಕ್ಷೆಯ ಲೆಕ್ಕದಲ್ಲಿ ಟ್ರಕ್ಕಿನೊಳಗೆ ಇರುವವರು ತಲಾ 150 ಪೌಂಡಿನ ಇಬ್ಬರು ಮಾತ್ರ. ಸಂಸಾರ ಸಮೇತ ಹೊರಡುವವರ ಲೆಕ್ಕ ಅದಲ್ಲ.

ಸಂಸಾರವಂದಿಗರು ನೋಡಬೇಕಾದ ಸಂಖ್ಯೆ ಬೇರೊಂದು ಕಡೆ ಇದೆ. ಚಾಲಕನ ಬಾಗಿಲನ್ನು ತೆರೆದರೆ ಬಾಗಿಲ ಚೌಕಟ್ಟಿನ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಚಿಕ್ಕ ಚೀಟಿಯೊಂದು ಅಂಟಿಸಿರುತ್ತದೆ. ಟಯರುಗಳಿಗೆ ತುಂಬಬೇಕಾದ ಗಾಳಿಯ ಒತ್ತಡದೊಡನೆ, ಕುಳಿತವರ ಮತ್ತು ಸಾಮಾನಿನ ಒಟ್ಟು ತೂಕ ಇಂತಿಷ್ಟನ್ನು ಎಂದಿಗೂ ಮೀರಬಾರದೆಂಬ ಒಂದು ವಾಕ್ಯ ಅದರಲ್ಲಿರುತ್ತದೆ. ಇದೇ ಪೇಲೋಡ್, ಅಂದರೆ ಹೊರುವ ಸಾಮರ್ಥ್ಯ. ಇದು ಜಾಹೀರಾತಿನ ಸಂಖ್ಯೆಯಲ್ಲ. ಆ ಒಂದು ಟ್ರಕ್ಕಿಗೆ, ಅದರಲ್ಲಿ ಕಾರ್ಖಾನೆಯವರು ಕೂರಿಸಿದ ಸಕಲ ಸಾಮಗ್ರಿಯನ್ನು ಲೆಕ್ಕ ಹಾಕಿ ಕೊಟ್ಟ ಸಂಖ್ಯೆ. ಚಾಲಕನ ತೂಕವೂ ಇದರಲ್ಲಿ ಸೇರಬೇಕು. ಬಹಳ ಜನ ಮರೆಯುವ ಅಂಶವೆಂದರೆ ಟ್ರೇಲರಿನ ನೊಗದ ಭಾರವೂ ಇದರಲ್ಲಿಯೇ ಸೇರಬೇಕು. ಟ್ರಕ್ಕು ಆ ಭಾರವನ್ನು ಎಳೆಯುವುದಿಲ್ಲ, ಹೊರುತ್ತದೆ.

ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು. ವ್ಯಾಪಾರಿಯೊಬ್ಬನಿಗೆ ಹತ್ತು ಲಕ್ಷ ರೂಪಾಯಿಯ ಕ್ಯಾಷ್ ಕ್ರೆಡಿಟ್ ಮಂಜೂರಾಗಿದೆಯೆನ್ನಿ. ಅವನ ಗೋದಾಮಿನಲ್ಲಿರುವ ಸರಕಿನ ಬೆಲೆಯಿಂದ ಮಾರ್ಜಿನ್ ಕಳೆದು ಬಂದ ಡ್ರಾಯಿಂಗ್ ಪವರ್ ಆರು ಲಕ್ಷವಾದರೆ ಅವನು ತೆಗೆಯಬಹುದಾದುದು ಆರು ಲಕ್ಷವೇ ಹೊರತು ಹತ್ತಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಎಳೆಯುವ ಸಾಮರ್ಥ್ಯ ಮಂಜೂರಾದ ಮಿತಿ. ಹೊರುವ ಸಾಮರ್ಥ್ಯ ಡ್ರಾಯಿಂಗ್ ಪವರ್. ಇಪ್ಪತ್ತು ವರ್ಷ ನಾನು ಗ್ರಾಹಕರಿಗೆ ಹೇಳುತ್ತ ಬಂದ ಈ ಪಾಠವನ್ನು ಟ್ರಕ್ಕಿನ ಅಂಗಡಿಯಲ್ಲಿ ಭಾವನವರಿಗೆ ಹೇಳಬೇಕಾಯಿತು. "ಭಾವಾ, ಇವತ್ತು ಸಹಿ ಬೇಡಿ. ಮೊದಲು ದೋಣಿಯನ್ನು ತೂಗಿಸಿ ಬರೋಣ" ಎಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಅಕ್ಕ ನನ್ನ ಪಕ್ಷ ವಹಿಸಿದಳು.

ಕ್ಯಾಟಲಾಗಿನಲ್ಲಿ ದೋಣಿಯ ತೂಕ 3,200 ಪೌಂಡ್ ಎಂದಿತ್ತು. ಕ್ಯಾಟಲಾಗಿನ ತೂಕವೆಂದರೆ ಬರಿದಾದ ದೋಣಿಯ ತೂಕ. ಪೆಟ್ರೋಲು ಒಂದು ಅಮೆರಿಕನ್ ಗ್ಯಾಲನ್ನಿಗೆ ಸುಮಾರು 6 ಪೌಂಡ್ ತೂಗುತ್ತದೆ. ನಮ್ಮ ದೋಣಿಯ ತೊಟ್ಟಿ 40 ಗ್ಯಾಲನ್ನಿನದು, ಅಲ್ಲಿಗೆ 240 ಪೌಂಡ್. ಲಂಗರು, ಹಗ್ಗ, ಬ್ಯಾಟರಿ, ತೇಲುಕವಚಗಳು ಎಲ್ಲ ಸೇರಿ 260 ಎಂದು ಅಂದಾಜು ಮಾಡಿದೆವು. ಟ್ರೇಲರಿನದೇ 1,000. ಕೂಡಿಸಿದರೆ 4,700. ಹೆದ್ದಾರಿಯ ಪಕ್ಕದಲ್ಲಿ ಲಾರಿಗಳನ್ನು ತೂಗುವ ಕಟ್ಟೆಗಳಿವೆ. ಅಲ್ಪ ಶುಲ್ಕಕ್ಕೆ ಯಾರ ವಾಹನವನ್ನಾದರೂ ತೂಗಿ ಚೀಟಿ ಕೊಡುತ್ತಾರೆ. ನೆರೆಮನೆಯವರ ಟ್ರಕ್ಕಿಗೆ ದೋಣಿಯನ್ನು ಕಟ್ಟಿ ಅಲ್ಲಿಗೆ ಒಯ್ದೆವು. ಟ್ರೇಲರ್ ಕಟ್ಟಿಕೊಂಡು ಒಮ್ಮೆ, ಟ್ರೇಲರನ್ನು ಕಳಚಿ ಟ್ರಕ್ಕನ್ನು ಮಾತ್ರ ಇನ್ನೊಮ್ಮೆ ತೂಗಿಸಿದೆವು. ದೋಣಿ, ಟ್ರೇಲರ್ ಸೇರಿ 4,900 ಪೌಂಡ್, ಅಂದರೆ ಸುಮಾರು 2,220 ಕಿಲೋ. ಟ್ರೇಲರ್ ಕಟ್ಟಿದಾಗ ಟ್ರಕ್ಕಿನ ಎರಡು ಅಚ್ಚುಗಳ ಮೇಲೆ ಹೆಚ್ಚಾಗಿ ಕಂಡ ತೂಕವೇ ನೊಗದ ಭಾರ: 490 ಪೌಂಡ್. ಅಂದಾಜಿಗಿಂತ 200 ಪೌಂಡ್ ಹೆಚ್ಚಾದುದು ಹೇಗೆಂದರೆ, ಹಳೆಯ ದೋಣಿಗಳಲ್ಲಿ ತೇಲಲೆಂದು ತುಂಬಿದ ನೊರೆಯಂಥ ವಸ್ತು ವರ್ಷಗಳು ಕಳೆದಂತೆ ನೀರು ಕುಡಿಯುವುದುಂಟಂತೆ.

ಇನ್ನು ಒಳಗೆ ಕೂರುವವರ ತೂಕ. ಆ ರಾತ್ರಿ ಅಕ್ಕನ ಸ್ನಾನದ ಮನೆಯ ತೂಕದ ಯಂತ್ರವನ್ನು ನಡುಮನೆಗೆ ತಂದು ಎಲ್ಲರೂ ಹತ್ತಿ ಇಳಿದೆವು. ಭಾವ 175, ಅಕ್ಕ 140, ಅವರ ಮಗ 170, ನನ್ನ ಹೆಂಡತಿ 135, ನಾನು 180 ಪೌಂಡ್, ಒಟ್ಟು 800. ಐವರಲ್ಲಿ ನಾನೇ ಹೆಚ್ಚು! 82 ಕಿಲೋ ಹೆಚ್ಚಾಯಿತೆಂದು ನಮ್ಮ ವೈದ್ಯರು ಹೇಳಿದಾಗ ನಗುತ್ತ ಬಂದಿದ್ದ ನನಗೆ, ಟ್ರಕ್ಕಿನ ಚೀಟಿಯ ಮುಂದೆ ನಗು ಬರಲಿಲ್ಲ. ಟ್ರಕ್ಕಿನ ಹಿಂದಿನ ತೊಟ್ಟಿಲಲ್ಲಿ ಹಾಕುವ ಮಂಜಿನ ಪೆಟ್ಟಿಗೆ, ಊಟದ ಬುತ್ತಿ, ಉಪಕರಣಗಳು 200. ಹಿಚ್ಚಿಗೆ ಸಿಕ್ಕಿಸುವ ಕಬ್ಬಿಣದ ತುಂಡು 40. ನೊಗದ ಭಾರ 490ನ್ನೂ ಕೂಡಿಸಿದರೆ 1,530 ಪೌಂಡ್.

ಮರುದಿನ ಅಂಗಡಿಗೆ ಹೋಗಿ ಆ ಹೊಳೆಯುವ ಟ್ರಕ್ಕಿನ ಬಾಗಿಲು ತೆರೆದು ಚೀಟಿ ಓದಿದೆವು. 1,380 ಪೌಂಡ್ ಎಂದಿತ್ತು. 11,000 ಎಳೆಯಬಲ್ಲ ವಾಹನಕ್ಕೆ ನಮ್ಮ 4,900ರ ದೋಣಿ, ನಮ್ಮ ಸಂಸಾರ ಸಹಿತ, 150 ಪೌಂಡ್ ಹೆಚ್ಚಾಗುತ್ತಿತ್ತು. ನಿಜವಾಗಿ 11,000 ಪೌಂಡಿನ ಟ್ರೇಲರನ್ನೇ ಕಟ್ಟಿದರೆ ನೊಗದ ಭಾರವೇ 1,100 ಆಗಿ, ಉಳಿಯುವ 280ರಲ್ಲಿ ಪರೀಕ್ಷೆಯ ಆ ಇಬ್ಬರು ಕೂಡ ಕೂರುವಂತಿಲ್ಲ. ಚರ್ಮದ ಆಸನ, ಗಾಜಿನ ಛಾವಣಿ, ಬೆನ್ನೊತ್ತುವ ಯಂತ್ರ ಇವೆಲ್ಲಕ್ಕೂ ತೂಕವಿದೆ. ಅದೆಲ್ಲ ಹೊರುವ ಸಾಮರ್ಥ್ಯದಿಂದಲೇ ಕಳೆದುಹೋಗುತ್ತದೆ. ಹಣ ಹೆಚ್ಚು ಕೊಟ್ಟಷ್ಟೂ ಹೊರುವ ಶಕ್ತಿ ಕಡಿಮೆಯಾಗುವ ಈ ವಿಚಿತ್ರವನ್ನು ಬೇರೆ ಯಾವ ಸರಕಿನಲ್ಲಿಯೂ ನಾನು ಕಂಡಿಲ್ಲ.

ಅದೇ ಅಂಗಳದ ಮೂಲೆಯಲ್ಲಿ ಅದೇ ಕಂಪೆನಿಯ, ಅದೇ ಎಂಜಿನ್ನಿನ, ಬಟ್ಟೆಯ ಆಸನದ ಸಾದಾ ಟ್ರಕ್ಕೊಂದು ನಿಂತಿತ್ತು. ಅದರ ಚೀಟಿಯಲ್ಲಿ 1,910 ಪೌಂಡ್. ನಮ್ಮ ಲೆಕ್ಕದ ಮೇಲೆ 380 ಪೌಂಡ್ ಉಳಿತಾಯ. ಬೆಲೆಯಲ್ಲಿ ಸುಮಾರು 14,000 ಡಾಲರ್ ಉಳಿತಾಯ. ಮಾರಾಟಗಾರ ಪಾಪ, ಬೆಲೆಯ ಮಾತು ಬಿಟ್ಟು ತಿಂಗಳ ಕಂತಿನ ಮಾತನ್ನೇ ಆಡುತ್ತಿದ್ದ: 84 ತಿಂಗಳಿಗೆ ಹಂಚಿದರೆ ವ್ಯತ್ಯಾಸ ಏನೂ ಅಲ್ಲವೆಂದು. ಸಾಲ ಕೊಡುವವನೇ ಆದ ನನಗೆ ಆ ವಾದ ಚೆನ್ನಾಗಿ ಪರಿಚಯವಿತ್ತು.

ಸಾದಾ ಟ್ರಕ್ಕೆಂದೊಡನೆ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಎಳೆಯುವವರಿಗೆಂದೇ ಜೋಡಿಸಿದ ಕೆಲವು ಅಂಗಗಳು ಅದರಲ್ಲಿರಬೇಕು. ಗೇರುಪೆಟ್ಟಿಗೆಯ ಎಣ್ಣೆಯನ್ನು ತಂಪಾಗಿಡುವ ಕೂಲರ್ ಅವುಗಳಲ್ಲಿ ಮುಖ್ಯ. ಭಾರ ಎಳೆಯುವಾಗ ಗೇರುಪೆಟ್ಟಿಗೆಯನ್ನು ಕೆಡಿಸುವುದು ಶಾಖವೇ. ಹಿಂದಿನ ಅಚ್ಚಿನ ಹಲ್ಲುಚಕ್ರದ ಪ್ರಮಾಣ 3.55, 3.73 ಎಂಬಂತೆ ಬರೆದಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಸುಲಭ, ಪೆಟ್ರೋಲಿನ ಖರ್ಚು ತುಸು ಹೆಚ್ಚು. ಈಚಿನ ಟ್ರಕ್ಕುಗಳಲ್ಲಿ ಹತ್ತು ಗೇರುಗಳಿರುವುದರಿಂದ ಮೊದಲಿನಷ್ಟು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಡೀಸೆಲ್ ಎಂಜಿನ್ ಬಲಶಾಲಿಯಾದರೂ ಅದರ ಸ್ವಂತ ತೂಕವೇ ಹೆಚ್ಚು. ಎರಡು ಟನ್ನಿನ ದೋಣಿಗೆ ಅದು ಅನಗತ್ಯ. ವಿದ್ಯುತ್ ಟ್ರಕ್ಕುಗಳು ಸೊಗಸಾಗಿ ಎಳೆಯುತ್ತವೆ. ಆದರೆ ಟ್ರೇಲರ್ ಕಟ್ಟಿದರೆ ಒಂದು ಸಲದ ಚಾರ್ಜಿನಲ್ಲಿ ಓಡುವ ದೂರ ಸುಮಾರು ಅರ್ಧಕ್ಕಿಳಿಯುತ್ತದೆ. ಟ್ರಕ್ಕಿನ ಉದ್ದವನ್ನು ಮಾತ್ರ ಕಡೆಗಣಿಸಬಾರದು. ಮುಂದಿನ, ಹಿಂದಿನ ಚಕ್ರಗಳ ನಡುವಣ ಅಂತರ ಹೆಚ್ಚಿದಷ್ಟೂ ಹಿಂದಿನ ಭಾರ ವಾಹನವನ್ನು ಅಲ್ಲಾಡಿಸುವುದು ಕಷ್ಟವಾಗುತ್ತದೆ.

ಅಲ್ಲಾಡಿಸುವ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಜೀವಕ್ಕೆ ಅಪಾಯವಿರುವುದು ಇಲ್ಲಿಯೇ. ನೊಗದ ಭಾರ ತೀರ ಕಡಿಮೆಯಾದರೆ ಟ್ರೇಲರು ವೇಗದಲ್ಲಿ ಹಾವಿನಂತೆ ಎಡಬಲಕ್ಕೆ ತೂಗತೊಡಗುತ್ತದೆ. ತೂಗಾಟ ಬೆಳೆದರೆ ಮುಂದಿನ ವಾಹನವನ್ನೂ ಉರುಳಿಸುತ್ತದೆ. ಭಾರ ಕಡಿಮೆಯಾದರೆ ಟ್ರಕ್ಕಿಗೆ ಒಳ್ಳೆಯದಲ್ಲವೇ ಎಂದುಕೊಂಡು ದೋಣಿಯನ್ನು ಟ್ರೇಲರಿನ ಮೇಲೆ ಹಿಂದಕ್ಕೆ ಸರಿಸುವವರಿದ್ದಾರೆ. ಚೀಟಿಯ ಲೆಕ್ಕವನ್ನು ಹೊಂದಿಸಲು ಹೀಗೆ ಮಾಡುವುದು, ಬ್ಯಾಲೆನ್ಸ್ ಷೀಟು ಹೊಂದಲೆಂದು ಸಂಖ್ಯೆ ತಿದ್ದಿದಂತೆ. ತೂಗಾಟ ಆರಂಭವಾದರೆ ಬ್ರೇಕನ್ನು ಜೋರಾಗಿ ಒತ್ತಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಟ್ರೇಲರಿಗೆ ತನ್ನದೇ ಬ್ರೇಕ್ ಬೇಕೇ ಬೇಕು. ಅಲ್ಲಿನ ಅನೇಕ ರಾಜ್ಯಗಳಲ್ಲಿ 3,000 ಪೌಂಡ್ ಮೀರಿದ ಟ್ರೇಲರಿಗೆ ಕಾನೂನೇ ಇದನ್ನು ವಿಧಿಸಿದೆ. ದೋಣಿಯ ಟ್ರೇಲರುಗಳಲ್ಲಿ ಸಾಮಾನ್ಯವಾಗಿ ಇರುವುದು ಸರ್ಜ್ ಬ್ರೇಕ್. ಮುಂದಿನ ವಾಹನ ನಿಧಾನಿಸಿದಾಗ ಟ್ರೇಲರು ಅದನ್ನು ಹಿಂದಿನಿಂದ ನೂಕುತ್ತದಲ್ಲವೆ? ಆ ನೂಕುವಿಕೆಯೇ ಕೊಂಡಿಯಲ್ಲಿರುವ ಎಣ್ಣೆಯ ಕೊಳವೆಯನ್ನು ಒತ್ತಿ ಟ್ರೇಲರಿನ ಚಕ್ರಗಳನ್ನು ಹಿಡಿಯುತ್ತದೆ. ತಂತಿಗಳನ್ನು ನೀರಿನಲ್ಲಿ ಮುಳುಗಿಸುವ ತಾಪತ್ರಯವಿಲ್ಲದ ಜಾಣ ಉಪಾಯವಿದು. ದೋಣಿಯನ್ನು ನೀರಿಗಿಳಿಸಲು ಹಿಂದಕ್ಕೆ ನೂಕುವಾಗ ಮಾತ್ರ ಅದೇ ಬ್ರೇಕು ಅಡ್ಡ ಬರುವುದರಿಂದ ಅದನ್ನು ತಡೆಯುವ ಕೀಲಿಯೊಂದು ಇರುತ್ತದೆ. ಭಾವನವರ ಟ್ರೇಲರಿನ ಬ್ರೇಕು ತುಕ್ಕು ಹಿಡಿದು ಕೆಲಸವನ್ನೇ ಮಾಡುತ್ತಿರಲಿಲ್ಲವೆಂಬುದು ಟ್ರಕ್ಕು ಕೊಳ್ಳುವ ಗದ್ದಲದಲ್ಲಿಯೇ ಪತ್ತೆಯಾಯಿತು. ಎರಡು ಬೇಸಿಗೆ ಅವರು ಹಾಗೆಯೇ ಓಡಿಸಿದ್ದರು. ಮಿನಿಯಾಪೊಲಿಸಿನಿಂದ ಸುಮಾರು 250 ಕಿಲೋಮೀಟರ್ ಉತ್ತರಕ್ಕೆ, ಸುಪೀರಿಯರ್ ಸರೋವರದ ತಡಿಯಲ್ಲಿ ಡುಲೂತ್ ಎಂಬ ನಗರವಿದೆ. ಹೆದ್ದಾರಿ ಗುಡ್ಡದ ನೆತ್ತಿಯಿಂದ ನೇರವಾಗಿ ಊರೊಳಕ್ಕೆ ಇಳಿಯುತ್ತದೆ. ಆ ಇಳಿಜಾರನ್ನೂ ಅದೇ ಬ್ರೇಕಿನಿಂದ ಇಳಿದಿದ್ದರಂತೆ. ಅಕ್ಕನಿಗೆ ಇದನ್ನು ನಾವು ಹೇಳಿದ್ದು ಹೊಸ ಬ್ರೇಕು ಹಾಕಿಸಿದ ಮೇಲೆ.

ಉಳಿದವು ಸಣ್ಣ ಸಂಗತಿಗಳಾದರೂ ದಾರಿಯ ಮಧ್ಯೆ ಕೈಕೊಡುವುದು ಇವೇ. ಹಿಚ್ಚಿನ ಗುಂಡಿನ ಅಳತೆ ಟ್ರೇಲರಿನ ಬಟ್ಟಲಿಗೆ ಸರಿಯಾಗಿ ಹೊಂದಬೇಕು. 2 ಅಂಗುಲದ ಗುಂಡು ಒಂದು ಬಗೆಯಾದರೆ ಅದಕ್ಕಿಂತ ದೊಡ್ಡದಾದ ಎರಡೂ ಐದು ಹದಿನಾರಂಶ ಅಂಗುಲದ್ದು ಇನ್ನೊಂದು. ಕಾವಲು ಸರಪಳಿಗಳನ್ನು ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟಿದರೆ ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ. ದೂರ ಓಡಿಬಂದು ಬಿಸಿಯಾದ ಚಕ್ರಗಳನ್ನು ಕೂಡಲೇ ತಣ್ಣೀರಿಗಿಳಿಸಿದರೆ ಗುಂಬದೊಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದು ಬೇರಿಂಗು ಹಾಳಾಗುತ್ತದೆ. ಸ್ವಲ್ಪ ಹೊತ್ತು ಕಾಯಬೇಕು. ಆ ಹೊತ್ತಿನಲ್ಲಿಯೇ ಬುತ್ತಿ ಬಿಚ್ಚುವ ಪದ್ಧತಿಯನ್ನು ಅಕ್ಕ ಜಾರಿಗೆ ತಂದಿದ್ದಾಳೆ. ಮಿನೆಸೋಟಾದಲ್ಲಿ ಇನ್ನೊಂದು ಕಾನೂನಿದೆ: ಸರೋವರದಿಂದ ಹೊರಟ ದೋಣಿಯ ತಳದ ಬಿರಡೆಯನ್ನು ತೆಗೆದು ನೀರನ್ನೆಲ್ಲ ಬಸಿದೇ ರಸ್ತೆಗಿಳಿಸಬೇಕು. ಝೀಬ್ರಾ ಮಸಲ್ ಎಂಬ ಪರದೇಶದ ಸಣ್ಣ ಚಿಪ್ಪುಜೀವಿ ಒಂದು ಸರೋವರದಿಂದ ಇನ್ನೊಂದಕ್ಕೆ ಹರಡದಿರಲೆಂದು ಈ ಏರ್ಪಾಡು. ಬಸಿದ ನೀರಿನಷ್ಟು ತೂಕವೂ ಕಡಿಮೆಯಾಗುತ್ತದೆಂಬುದು ನನ್ನಂಥವನ ಸಂತೋಷ.

ನಾವು ಮುಂಬಯಿಗೆ ಹಿಂದಿರುಗುವ ಹಿಂದಿನ ವಾರ ಸಾದಾ ಟ್ರಕ್ಕು ಮನೆಗೆ ಬಂತು. ದೋಣಿಯನ್ನು ಕಟ್ಟಿ, ಐವರೂ ಕುಳಿತು, ಬುತ್ತಿ ಸಮೇತ ಅದೇ ತೂಕದ ಕಟ್ಟೆಯ ಮೇಲೆ ನಿಂತೆವು. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚು ಎಂದು ಮೂರು ಸಂಖ್ಯೆಗಳ ಚೀಟಿ ಬಂತು; ಮೂರೂ ಮಿತಿಯೊಳಗಿದ್ದವು. ಸಂಜೆ ದೋಣಿಯನ್ನು ಮೇಲೆತ್ತುವಾಗ ಅಕ್ಕನ ಮಗನೇ ಚಾಲಕನ ಸ್ಥಾನದಲ್ಲಿ ಕುಳಿತ. ಅಕ್ಕ ದಡದಲ್ಲಿ ನನ್ನ ಹೆಂಡತಿಯ ಕೈ ಹಿಡಿದು ನಿಂತಿದ್ದಳು. ಟ್ರಕ್ಕು ಒಂದೇ ಸಮನೆ ಏರಿ, ನೀರು ಸುರಿಸುತ್ತ, ಸಮತಟ್ಟಿನ ನೆಲಕ್ಕೆ ಬಂದು ನಿಂತಿತು.